ಪಿಶಾಚಾರ್ಥಶಾಸ್ತ್ರ ಪ್ರವೇಶಿಕೆ

ಎಲ್ಲಿ ದೆವ್ವವೋ ಅಲ್ಲಿ ಮುಂಗಡ. ಇದು ಪ್ರಥಮ ಸೂತ್ರ. ಇದರ ವೃತ್ತಿ ಹೀಗೆ: ‘ಎಲ್ಲಿ’ ಎಂದರೆ ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಆಚರಿಸುವ ಉತ್ತರ ಅಮೆರಿಕ ಖಂಡದಲ್ಲಿ, ‘ದೆವ್ವ’ ಎಂದರೆ ಹೋಟೆಲಿನಲ್ಲಿ ರೂಮ್ ನಂಬರ್ ಸಮೇತ ನೆಲೆಸಿರುವ ಪ್ರೇತ, ‘ಮುಂಗಡ’ ಎಂದರೆ ಕ್ರೆಡಿಟ್ ಕಾರ್ಡು. ರೂಮ್ ನಂಬರ್ ಇಲ್ಲದ ದೆವ್ವ, ಅಂದರೆ ಹುಣಸೆಮರ, ಹಾಳುಬಾವಿ, ಊರಾಚೆಯ ತಿರುವು ಮುಂತಾದೆಡೆ ವಾಸಿಸುವಂಥದ್ದು, ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದು ಜಾನಪದ ವಿಭಾಗಕ್ಕೆ ಸೇರಿದ್ದು. ಅಲ್ಲಿ ಅನುದಾನ ಕಡಿಮೆ.

ಪೂರ್ವಪಕ್ಷಿಗಳು ಕೇಳಬಹುದು: ದೆವ್ವವಿದ್ದರೆ ಬಾಡಿಗೆ ಇಳಿಯಬೇಕಲ್ಲವೇ? ನಮ್ಮಲ್ಲಿ ಇಳಿಯುತ್ತದೆ, ನಿಜ. ಮನೆಗೊಮ್ಮೆ ಆ ಹೆಸರು ಅಂಟಿತೆಂದರೆ ಬ್ರೋಕರ್ ಕೂಡ ಫೋನ್ ಎತ್ತುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಹೆಣ್ಣುದೆವ್ವವನ್ನು ಸಾಗಹಾಕಿದರು. ಕನ್ನಡ ಓದಲು ಬರುವ, ಓದಿದ್ದನ್ನು ಚಾಚೂ ತಪ್ಪದೆ ಪಾಲಿಸುವ, ದಿನವೂ ತಪ್ಪದೆ ಹಾಜರಾಗುವ ದೆವ್ವ! ಇಂಥ ಗುಣವಂತೆಯನ್ನು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸಿದ್ದು ರಾಜ್ಯದ ಪ್ರವಾಸೋದ್ಯಮಕ್ಕಾದ ನಷ್ಟ. ಮುಂದೆ ಬರುವ ಕೊಲರಾಡೊದ ಹೋಟೆಲಿನಲ್ಲಾಗಿದ್ದರೆ ಅವಳಿಗೆ ಎರಡನೇ ಮಹಡಿಯಲ್ಲಿ ರೂಮು ಸಿಗುತ್ತಿತ್ತು.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷವನ್ನು ನಾವು ಕೈಬಿಟ್ಟಿದ್ದೇವೆ. ಪ್ರತ್ಯಕ್ಷವಾಗಿ ಕಂಡೆವೆನ್ನುವವರೆಲ್ಲ ಬಿಲ್ ಕಟ್ಟಿದ ಮೇಲೆಯೇ ಕಂಡವರು. ಶಬ್ದಪ್ರಮಾಣ ಮಾತ್ರ ಗಟ್ಟಿಯಾಗಿದೆ. ಹೋಟೆಲಲ್ಲದಿದ್ದರೂ ನ್ಯೂಯಾರ್ಕ್ ರಾಜ್ಯದ ನಯಾಕ್ ಊರಿನ ಒಂದು ಮನೆಯ ಮೊಕದ್ದಮೆ ಇಲ್ಲಿ ಉಲ್ಲೇಖಾರ್ಹ. ಮನೆಯೊಡತಿ ತಮ್ಮ ಮನೆಯ ದೆವ್ವಗಳ ಬಗ್ಗೆ ರೀಡರ್ಸ್ ಡೈಜೆಸ್ಟ್‌ನಲ್ಲಿ ಬರೆದು ಊರಿಗೆಲ್ಲ ಹೇಳಿಕೊಂಡಿದ್ದರು. ಮಾರುವಾಗ ಕೊಳ್ಳುವವನಿಗೆ ಮಾತ್ರ ಹೇಳಿರಲಿಲ್ಲ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಲೋಕಕ್ಕೆಲ್ಲ ಉಂಟೆಂದು ಸಾರಿದವರು ಕ್ರಯದ ಹೊತ್ತಿಗೆ ಇಲ್ಲವೆನ್ನಲಾಗದು, ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು ಹೇಳಿ ಕೊಳ್ಳುವವನಿಗೆ ಕರಾರಿನಿಂದ ಹಿಂದೆ ಸರಿಯಲು ಅವಕಾಶ ಕೊಟ್ಟಿತು. ನಮ್ಮ ಮಂತ್ರವಾದಿಗಳಿಗೆ ಶತಮಾನಗಳಿಂದ ಸಾಧ್ಯವಾಗದ್ದು ಇದು: ದೆವ್ವಕ್ಕೊಂದು ದಾಖಲೆ.

ಕೆನಡಾ ಸರಕಾರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಬ್ಯಾನ್ಫ್ ಸ್ಪ್ರಿಂಗ್ಸ್ ಹೋಟೆಲಿನ ಮೆಟ್ಟಿಲ ಮೇಲೆ ಬಿದ್ದು ಸತ್ತಳೆನ್ನಲಾದ ಮದುವಣಗಿತ್ತಿಯ ಪ್ರೇತಕ್ಕೆ 2014ರಲ್ಲಿ ಅಂಚೆಚೀಟಿಯೂ ಬಂತು, ನಾಣ್ಯವೂ ಬಂತು. ಅದೇ ಹೋಟೆಲಿನ 873ನೇ ರೂಮನ್ನು ಗೋಡೆ ಕಟ್ಟಿ ಮುಚ್ಚಿದ್ದಾರೆಂಬ ಪ್ರತೀತಿಯಿದೆ. ಮೀಮಾಂಸಕರು ಇದನ್ನು ಅನುಪಲಬ್ಧಿ ಪ್ರಮಾಣ ಎಂದು ಸಂತೋಷದಿಂದ ಸ್ವೀಕರಿಸುತ್ತಾರೆ: ರೂಮು ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಏನೋ ಇದೆ.

ಈಗ ಶಾಸ್ತ್ರದ ಮುಖ್ಯ ಕ್ಷೇತ್ರಕ್ಕೆ ಬರೋಣ. ಕೊಲರಾಡೊದ ಎಸ್ಟೆಸ್ ಪಾರ್ಕ್‌ನಲ್ಲಿರುವ ಸ್ಟ್ಯಾನ್ಲಿ ಹೋಟೆಲು 1909ರಲ್ಲಿ ಬಾಗಿಲು ತೆರೆಯಿತು. ಕಟ್ಟಿಸಿದವರು ಫ್ರೀಲನ್ ಆಸ್ಕರ್ ಸ್ಟ್ಯಾನ್ಲಿ. ಉಗಿಯಿಂದ ಓಡುವ ಕಾರು ಮಾಡಿ ಹೆಸರಾದವರು, ಕ್ಷಯರೋಗಕ್ಕೆ ಬೆಟ್ಟದ ಗಾಳಿ ಒಳ್ಳೆಯದೆಂದು ಅಲ್ಲಿಗೆ ಬಂದವರು. ಹೋಟೆಲಿನವರು ಹೇಳುವ ಕಥೆಯಂತೆ, 1911ರಲ್ಲಿ ಮುಖ್ಯ ಪರಿಚಾರಿಕೆ ಎಲಿಜಬೆತ್ ವಿಲ್ಸನ್ 217ನೇ ರೂಮಿಗೆ ದೀಪ ಹಚ್ಚಲು ಹೋದರು. ಸೋರಿ ತುಂಬಿಕೊಂಡಿದ್ದ ಅನಿಲ ಸಿಡಿದು ನೆಲ ಕುಸಿಯಿತು. ಅವರು ಕೆಳಗಿನ ಅಂತಸ್ತಿಗೆ ಬಿದ್ದರು. ಇಲ್ಲಿ ವಿದ್ವಾಂಸರು ಗಮನಿಸಬೇಕಾದದ್ದು, ಆಕೆ ಸಾಯಲಿಲ್ಲ. ಕಾಲು ಮುರಿಯಿತು, ವಾಸಿಯಾಯಿತು, ಮತ್ತೆ ಕೆಲಸಕ್ಕೆ ಬಂದರು. ಆದರೂ ದೆವ್ವ ಮಾತ್ರ ಅದೇ ರೂಮಿನಲ್ಲಿದೆ. ಅಂದಮೇಲೆ ದೆವ್ವವಾಗಲು ದುರ್ಮರಣ ಬೇಕೆಂಬ ಹಳೆಯ ಮತ ಬಿದ್ದುಹೋಯಿತು. ದೀರ್ಘಕಾಲದ ನೌಕರಿ ಸಾಕು.

ಆ ಪ್ರೇತದ ದಿನಚರಿಯನ್ನು ನೋಡಿ. ಅತಿಥಿಗಳ ಬಟ್ಟೆಯನ್ನು ಮಡಚಿಡುತ್ತದೆ. ಸೂಟ್‌ಕೇಸ್ ಜೋಡಿಸುತ್ತದೆ. ಮದುವೆಯಾಗದ ಜೋಡಿ ಮಲಗಿದ್ದರೆ ನಡುವೆ ಬಂದು ತಾನೂ ಮಲಗುತ್ತದೆ. ಇದನ್ನು ನಮ್ಮ ಕಡೆ ದೆವ್ವವೆನ್ನುವುದಿಲ್ಲ, ಸೋದರತ್ತೆ ಎನ್ನುತ್ತಾರೆ. ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ. ಸತ್ತ ಮೇಲೂ ಡ್ಯೂಟಿ. ಈ ಬಗ್ಗೆ ಕಾರ್ಮಿಕ ಸಂಘಗಳು ಮೌನವಾಗಿರುವುದೇಕೆಂದು ತಿಳಿಯದು.

1974ರ ಅಕ್ಟೋಬರ್ ಕೊನೆಯಲ್ಲಿ, ಚಳಿಗಾಲಕ್ಕೆ ಹೋಟೆಲು ಮುಚ್ಚುವ ಹೊತ್ತಿನಲ್ಲಿ, ಕಾದಂಬರಿಕಾರ ಸ್ಟೀಫನ್ ಕಿಂಗ್ ಹೆಂಡತಿಯೊಡನೆ ಬಂದು ಇದೇ 217ರಲ್ಲಿ ಇಳಿದರು. ಖಾಲಿ ಕಾರಿಡಾರು, ಖಾಲಿ ಊಟದ ಹಾಲು, ರಾತ್ರಿ ಒಂದು ಕೆಟ್ಟ ಕನಸು. 1977ಕ್ಕೆ, ದೆವ್ವದ ರೂಮಿಗೆ ಇದೇ ನಂಬರು ಕೊಟ್ಟ ‘ದ ಶೈನಿಂಗ್’ ಕಾದಂಬರಿ ಬಂತು. 1980ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ಸಿನಿಮಾ ಮಾಡಿದರು. ಹೊರನೋಟಕ್ಕೆ ಆರಿಸಿಕೊಂಡದ್ದು ಆರೆಗನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್. ಅಲ್ಲಿಯ ಆಡಳಿತದವರಿಗೆ ದಿಗಿಲು: ಸಿನಿಮಾ ನೋಡಿದವರು ನಮ್ಮ 217ರಲ್ಲಿ ಇಳಿದುಕೊಳ್ಳುತ್ತಾರೆಯೇ? ನಂಬರು ಬದಲಿಸಿ ಎಂದು ಬೇಡಿಕೊಂಡರು. ಕುಬ್ರಿಕ್ 237 ಎಂದು ಬದಲಿಸಿದರು. ಆ ನಂಬರಿನ ರೂಮು ಅಲ್ಲಿ ಇರಲೇ ಇಲ್ಲ. ಫಲಶ್ರುತಿ: ಇಂದು ಟಿಂಬರ್‌ಲೈನ್‌ನಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು 217ನ್ನೇ. ಪ್ರಥಮ ಸೂತ್ರವನ್ನು ಅರಿಯದ ಮ್ಯಾನೇಜರುಗಳು ದೆವ್ವಕ್ಕೆ ಹೆದರಿ ಲಾಭವನ್ನು ಇಲ್ಲದ ರೂಮಿಗೆ ಬರೆದುಕೊಟ್ಟಿದ್ದರು. ದೆವ್ವ ವಿಳಾಸ ಹುಡುಕಿಕೊಂಡು ವಾಪಸು ಬಂತು.

ಇದಕ್ಕೊಂದು ಅನುಬಂಧವೂ ಇದೆ. ಸಿನಿಮಾದಲ್ಲಿ ಗಿಡಗಳಿಂದ ಮಾಡಿದ ಚಕ್ರವ್ಯೂಹವೊಂದಿದೆ. ಕಾದಂಬರಿಯಲ್ಲಿ ಅದಿಲ್ಲ, ಸ್ಟ್ಯಾನ್ಲಿ ಹೋಟೆಲಿನಲ್ಲೂ ಇರಲಿಲ್ಲ. 2015ರಲ್ಲಿ ನೆಟ್ಟರು. ಗಿಡ ಇನ್ನೂ ಗಿಡ್ಡವಿದ್ದಾಗ ಎದ್ದ, ಇಲ್ಲಿ ಯಾರಾದರೂ ಹೇಗೆ ದಾರಿ ತಪ್ಪಬೇಕು ಎಂಬ ಆಕ್ಷೇಪವನ್ನು ನಾವು ಅರಸಿಕತೆ ಎಂದು ತಳ್ಳಿಹಾಕುತ್ತೇವೆ.

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1967ರಿಂದ ಲಂಗರು ಹಾಕಿರುವ ಕ್ವೀನ್ ಮೇರಿ ಹಡಗಿನ ವಿಷಯ ಚುಟುಕಾಗಿ ಮುಗಿಸಬಹುದು. ಅದರ ಬಿ340 ಎಂಬ ರೂಮನ್ನು ವರ್ಷಾನುಗಟ್ಟಲೆ ಬಾಡಿಗೆಗೆ ಕೊಡದೆ ಇಟ್ಟಿದ್ದು, 2018ರಲ್ಲಿ ಪ್ರೇತಗಳನ್ನು ಮಾತಾಡಿಸುವ ಓಯಿಜಾ ಬೋರ್ಡಿನ ಸಮೇತ ತೆರೆದರು. ನಮ್ಮ ಲಾಡ್ಜುಗಳು ಸೋಪು, ಟವೆಲು ಕೊಡುವಂತೆ.

ಆರ್ಕನ್ಸಾದ ಯುರೇಕಾ ಸ್ಪ್ರಿಂಗ್ಸ್‌ನಲ್ಲಿರುವ ಕ್ರೆಸೆಂಟ್ ಹೋಟೆಲಿನ ಮುಂದೆ ಭಾಷ್ಯಕಾರರ ಲೇಖನಿ ಸ್ವಲ್ಪ ತಡೆಯುತ್ತದೆ. 1886ರ ಕಟ್ಟಡ. 1937ರಲ್ಲಿ ನಾರ್ಮನ್ ಬೇಕರ್ ಎಂಬಾತ ಅದನ್ನು ಕೊಂಡು ಕ್ಯಾನ್ಸರ್ ಆಸ್ಪತ್ರೆ ಮಾಡಿದ. ವೈದ್ಯನಲ್ಲ, ರೇಡಿಯೊ ನಡೆಸುತ್ತಿದ್ದವನು, ನೇರಳೆ ಬಣ್ಣದ ಬಟ್ಟೆ ತೊಡುತ್ತಿದ್ದವನು. ಔಷಧದಿಂದ ಯಾರಿಗೂ ಗುಣವಾಗಲಿಲ್ಲ, ಬಂದವರಲ್ಲಿ ಹಲವರು ಸತ್ತರು. 1940ರಲ್ಲಿ ಅವನಿಗೆ ಶಿಕ್ಷೆಯಾದದ್ದು ಅಂಚೆಯ ಮೂಲಕ ವಂಚಿಸಿದ್ದಕ್ಕೆ: ಚಿಕಿತ್ಸೆಯಲ್ಲ, ಅದರ ಜಾಹೀರಾತನ್ನು ಪೋಸ್ಟ್ ಮಾಡಿದ್ದೇ ಅಪರಾಧವಾಯಿತು. ನೆಲಮಾಳಿಗೆಯಲ್ಲಿರುವ ಅವನ ಕಾಲದ ಶವಾಗಾರ ಇಂದು ಹೋಟೆಲಿನ ದೆವ್ವದ ಟೂರಿನಲ್ಲಿ ಕೊನೆಯ ನಿಲ್ದಾಣ. 2019ರಲ್ಲಿ ಹಿತ್ತಲಲ್ಲಿ ಅಗೆದಾಗ ಸಿಕ್ಕ ಅವನ ಬಾಟಲಿಗಳೂ ಪ್ರದರ್ಶನಕ್ಕೆ ಬಂದವು. ಅದೇ ನೆಲಮಾಳಿಗೆಗೆ ಸತ್ತವರು ಒಮ್ಮೆ ದುಡ್ಡು ಕೊಟ್ಟಿದ್ದರು. ಈಗ ಅವರ ಲೆಕ್ಕದಲ್ಲಿ ನಾವು ಕೊಡುತ್ತೇವೆ. ಶಾಸ್ತ್ರದಲ್ಲಿ ಇದಕ್ಕೆ ಸೂತ್ರವಿಲ್ಲ.

ಅಮೆರಿಕದ ಕನ್ನಡಿಗರಿಗೊಂದು ಕಾಲನಿರ್ಣಯ. ಅಕ್ಟೋಬರ್ 31ರ ರಾತ್ರಿಯ ಮರುದಿನವೇ ರಾಜ್ಯೋತ್ಸವ. ಅಸ್ಥಿಪಂಜರವಾಗಿ ಕ್ಯಾಂಡಿ ಬೇಡಿ ಬಂದ ಮಗು ಬೆಳಗಾಗುವಷ್ಟರಲ್ಲಿ ಕೆಂಪು-ಹಳದಿ ಶಾಲು ಹೊದೆಯಬೇಕಾಗುತ್ತದೆ. ಮುಖದ ಬಣ್ಣ ಅಷ್ಟು ಬೇಗ ಹೋಗುವುದಿಲ್ಲ. ಆದ್ದರಿಂದ ದೆವ್ವದ ಹೋಟೆಲಿಗೆ ಹೋಗುವವರು ಹಿಂದಿನ ವಾರವೇ ಹೋಗಿಬರುವುದು ಕ್ಷೇಮ.

ಕೊನೆಗೊಂದು ಶಂಕೆ, ನ್ಯಾಯಶಾಸ್ತ್ರಜ್ಞರಿಗೆ. ನಯಾಕ್ ತೀರ್ಪು ದೆವ್ವವಿದ್ದೂ ಹೇಳದವರ ಕುರಿತಾದದ್ದು. ದೆವ್ವವಿದೆ ಎಂದು ಹೇಳಿ, ಹಣ ಪಡೆದು, ರಾತ್ರಿಯಿಡೀ ಒಂದು ಪರದೆಯನ್ನೂ ಅಲುಗಿಸದೆ ಕಳಿಸಿದರೆ ಗಿರಾಕಿಗೆ ಹಣ ವಾಪಸು ಸಿಗಬೇಡವೇ? ಸಿಗಬೇಕೆಂದೇ ನಮ್ಮ ಸಿದ್ಧಾಂತ. ಆದರೆ ಹೋಟೆಲಿನವರು ಹೀಗೆ ವಾದಿಸಬಹುದು: ದೆವ್ವ ಬಂದಿತ್ತು, ನೀವು ನಿದ್ದೆ ಹೋಗಿದ್ದಿರಿ, ಬೇಕಾದರೆ ನಿಮ್ಮ ಬಟ್ಟೆ ನೋಡಿಕೊಳ್ಳಿ, ಮಡಚಿದೆ. ಇದಕ್ಕೆ ಖಂಡನೆ ಇನ್ನೂ ಹೊಳೆದಿಲ್ಲ. ಹೊಳೆಯುವವರೆಗೆ ಹಾಸಿಗೆಯ ಮೇಲೆ ಬಟ್ಟೆಯನ್ನು ಹರಡಿ, ಫೋಟೊ ತೆಗೆದು, ತಾರೀಖು ಬರೆದು ಮಲಗತಕ್ಕದ್ದು.