ಶ್ರೀ ಯುಪಟೋರಿಯಂ ಅವರಿಗೊಂದು ಬಹಿರಂಗ ಪತ್ರ

ಮಹಾಶಯರೇ,

ಯಲ್ಲಾಪುರ ತಾಲೂಕಿನ ಒಂದೆಕರೆ ಅಡಕೆ ತೋಟದವನ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಬೆಟ್ಟದಲ್ಲಿ, ಧರೆಯ ಮೇಲೆ, ರಸ್ತೆಯ ಅಂಚಿನಲ್ಲಿ ದಿನಾ ಕಣ್ಣಿಗೆ ಬೀಳುತ್ತಿರುವುದರಿಂದ ಬೇರೆ ಕೇಳುವುದಿಲ್ಲ.

ಬರೆಯಲು ಕಾರಣವಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಅಕ್ಕನ ಮಗ ತೋಟ ಮಾಡಲು ಹೊರಟಿದ್ದಾನೆ. ತೋಟಕ್ಕಿಂತ ಮೊದಲು ಪಟ್ಟಿ ತಯಾರಾಗಿದೆ: ಪವರ್ ಟಿಲ್ಲರ್, ಬ್ರಶ್ ಕಟರ್, ಗುಂಡಿ ತೋಡುವ ಯಂತ್ರ, ಸೊಪ್ಪು ಚೂರು ಮಾಡುವ ಯಂತ್ರ, ಬ್ಯಾಟರಿ ಸ್ಪ್ರೇಯರ್, ಫೈಬರ್ ದೋಟಿ. “ಮಾವ, ಯಾವ್ದು ಮೊದ್ಲು ತಗಳವು?” ಎಂದು ಕೇಳಿದ. ಬಂಡವಾಳ ಹಾಕದೆ ಕೃಷಿ ಶುರು ಮಾಡಿ ಗೆದ್ದವರನ್ನೇ ವಿಚಾರಿಸೋಣ ಅನ್ನಿಸಿತು. ಈ ಸೀಮೆಯಲ್ಲಿ ಹಾಗೆ ಗೆದ್ದವರು ಕಳೆಗಿಡದ ಕುಲದ ನೀವೊಬ್ಬರೇ.

ಅಮೆರಿಕ ಖಂಡದವರಾದ ನೀವು ಹತ್ತೊಂಬತ್ತನೇ ಶತಮಾನದಲ್ಲಿ ಚಂದದ ಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿರಿ. ಆಮೇಲೆ ಪಹಣಿ ಇಲ್ಲ, ಸೊಸೈಟಿ ಸಾಲ ಇಲ್ಲ, ಸಹಾಯಧನದ ಅರ್ಜಿ ಇಲ್ಲ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ರಾಜ್ಯ ಸರ್ಕಾರ ಕಾಯ್ದೆ ತಿದ್ದಿದ್ದು 2020ರಲ್ಲಿ. ಅಲ್ಲಿಯವರೆಗೆ ಕಾಯುವ ಸೌಜನ್ಯವನ್ನೂ ನೀವು ತೋರಲಿಲ್ಲ. ನಿಮ್ಮ ಒಟ್ಟೂ ಉಪಕರಣವೆಂದರೆ ಬೀಜದ ತುದಿಯ ನವಿರಾದ ಕುಚ್ಚು. ಗಾಳಿ ಬಂದಾಗ ಹಾರಿದಿರಿ, ಬಿಸಿಲು ಕಂಡಲ್ಲಿ ಇಳಿದಿರಿ.

ಬಿಸಿಲು ಒದಗಿಸಿದ್ದು ಮಾತ್ರ ನಾವು. ಒಂದೆಕರೆ ತೋಟಕ್ಕೆ, ಗೊಬ್ಬರದ ಸೊಪ್ಪಿಗೆಂದು, ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಜಿಲ್ಲೆ ನಮ್ಮದು. ಸೊಪ್ಪು ಕಡಿದೆವು, ದರಕು ಗುಡಿಸಿ ತಂದೆವು, ಸತ್ತ ಮರದ ಜಾಗಕ್ಕೆ ಸಸಿ ಹಚ್ಚುವುದನ್ನು ಮುಂದಿನ ಮಳೆಗಾಲಕ್ಕೆ ಬಿಟ್ಟೆವು. ಆ ಮುಂದಿನ ಮಳೆಗಾಲ ಇನ್ನೂ ಬಂದಿಲ್ಲ. ಬೆಟ್ಟ ಬೋಳಾದಷ್ಟೂ ನಿಮ್ಮ ಹಿಡುವಳಿ ಹಿಗ್ಗಿತು. ಈಗ ಅಲ್ಲಿಗೇ ಯಂತ್ರ ಹೊತ್ತು ಹೋಗಿ ವರ್ಷವೂ ನಿಮ್ಮನ್ನು ಸವರಿ ಬರುತ್ತೇವೆ, ಬುಡವನ್ನು ಗೌರವದಿಂದ ಹಾಗೇ ಬಿಟ್ಟು. ನೀವು ಒಂದಕ್ಕೆ ನಾಲ್ಕು ಕವಲೊಡೆದು ಋಣ ತೀರಿಸುತ್ತೀರಿ.

ಬ್ರಶ್ ಕಟರ್ ಮೇಲೆ ನನಗೇನೂ ಸಿಟ್ಟಿಲ್ಲ. ತಿರುಗುವ ದಾರದಿಂದ ಹುಲ್ಲು ಕತ್ತರಿಸುವ ಉಪಾಯ 1971ರಲ್ಲಿ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬವನಿಗೆ ಹೊಳೆದದ್ದು, ಕಾರು ತೊಳೆಯುವಲ್ಲಿ ಗಿರಗಿರ ತಿರುಗುವ ಬ್ರಶ್ ನೋಡಿ. ಅವನಿಗಿದ್ದದ್ದು ಮನೆಯಂಗಳದ ಹುಲ್ಲು. ನಮಗಿರುವುದು ಕಲ್ಲು, ಕಾಲುವೆ, ಇಳಿಜಾರು ಮತ್ತು ನೀವು. ನೈಲಾನ್ ದಾರ ಎಳೆ ಹುಲ್ಲಿಗೆ ಸಾಕು, ನಿಮ್ಮ ಬಲಿತ ದಂಟಿಗೆ ಉಕ್ಕಿನ ಬ್ಲೇಡೇ ಆಗಬೇಕು. ಬ್ಲೇಡು ಕಲ್ಲಿಗೆ ತಾಗಿದರೆ ಚೂರು ಹಾರುವುದು ಕಣ್ಣಿಗೆ. ಕಳೆ ಯಾವುದು, ಅಡಕೆ ಸಸಿ ಯಾವುದು, ಡ್ರಿಪ್ ಪೈಪು ಯಾವುದು ಎಂಬ ಭೇದಭಾವ ಆ ಯಂತ್ರಕ್ಕಿಲ್ಲ. ಟೂ ಸ್ಟ್ರೋಕಿನದಾದರೆ ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತವನಿಗೆ ಇಂಜಿನ್ನೇ ಪಾಠ ಹೇಳುತ್ತದೆ. ಇಷ್ಟಾಗಿ ಸಣ್ಣ ತೋಟದಲ್ಲಿ ಅದಕ್ಕೆ ಕೆಲಸವಿರುವುದು ವರ್ಷದಲ್ಲಿ ಕೆಲವೇ ದಿನ. ಉಳಿದಂತೆ ಅದರೊಳಗೆ ಹಲ್ಲಿ ಸಂಸಾರ ಮಾಡುತ್ತದೆ. ಮೂರು ಮನೆಗೆ ಒಂದಿದ್ದರೆ ಹಲ್ಲಿಗೂ ಪುರುಸೊತ್ತಿಲ್ಲ. ಪವರ್ ಟಿಲ್ಲರಂತೂ ಅಡಕೆಯ ಮೇಲುಬೇರು ಹರಿಯುವುದಕ್ಕೇ ಬೇಕು. ಗದ್ದೆಗಾದರೆ ಬಾಡಿಗೆಗೆ ಸಿಗುತ್ತದೆ.

ಇನ್ನು ಕಳೆನಾಶಕದ ಬಾಟಲಿ. ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಸಾಲಿಗೆ ಸೇರಿಸಿತು. ಕೀಟ ನಿಯಂತ್ರಣದ ಪರವಾನಗಿ ಪಡೆದವರ ಹೊರತು ಯಾರೂ ಸಿಂಪಡಿಸಕೂಡದೆಂದು 2022ರಲ್ಲಿ ಕೇಂದ್ರ ಸರ್ಕಾರ ಹೇಳಿತು. ನಮ್ಮಲ್ಲಿ ಹೊಡೆಯುವವ ಲುಂಗಿ ಎತ್ತಿ ಕಟ್ಟಿ, ಬಾಯಿಗೆ ಕವಳ ಹಾಕಿ ಹೊರಡುತ್ತಾನೆ, ಅವನ ಪರವಾನಗಿ ಅಷ್ಟೇ. ಗಾಳಿ ತಿರುಗಿದರೆ ನಿಮ್ಮ ಜೊತೆಗೆ ಕಾಳುಮೆಣಸಿನ ಬಳ್ಳಿಯೂ ಬಾಡುತ್ತದೆ. ನೆಲ ಮತ್ತೆ ಬೋಳಾಗಿ ಬಿಸಿಲಿಗೆ ಬೀಳುತ್ತದೆ, ಅಂದರೆ ನಿಮ್ಮ ಮುಂದಿನ ತಲೆಮಾರಿಗೆ ನಾವೇ ದುಡ್ಡು ಕೊಟ್ಟು ಜಾಗ ಹಸನು ಮಾಡಿಟ್ಟಂತಾಯಿತು.

ಕ್ಷಮಿಸಿ, ನಿಮ್ಮ ಮನೆಗುಟ್ಟನ್ನು ಹುಡುಗನಿಗೆ ಹೇಳಿಬಿಟ್ಟಿದ್ದೇನೆ. ನೆರಳು ನಿಮಗಾಗುವುದಿಲ್ಲ. ಒತ್ತಾಗಿ ಬೆಳೆದ ತೋಟದೊಳಗೆ, ದಪ್ಪ ಸೊಪ್ಪು ಹಾಸಿದ ಬುಡದಲ್ಲಿ ನೀವು ತಲೆಯೆತ್ತಿದ್ದನ್ನು ನಾನು ಕಂಡದ್ದು ಅಪರೂಪ. ಮಳೆಗೆ ನೆಲ ಮೆತ್ತಗಿದ್ದಾಗ ಪಿಕಾಸಿ ಹಾಕಿದರೆ ಬುಡಸಮೇತ ಬರುತ್ತೀರಿ. ಹೂವಿಗೆ ಮೊದಲೇ ಕೊಯ್ದು ಅಡಕೆ ಬುಡಕ್ಕೆ ಹಾಕಿದರೆ ಗೊಬ್ಬರವೂ ನೀವೇ. ಒಂದು ಉಪಕಾರ ಮರೆಯುವುದಿಲ್ಲ: ನಿಮ್ಮನ್ನು ಕಡಿಯುವಾಗ ಕತ್ತಿ ಕೈಗೆ ತಾಗಿದರೆ ರಕ್ತ ಕಟ್ಟಲು ಹಿಂಡುವುದು ನಿಮ್ಮದೇ ಎಲೆಯ ರಸ.

ಹುಡುಗನ ಪಟ್ಟಿ ಈಗ ಚಿಕ್ಕದಾಗಿದೆ. ಕತ್ತಿ, ಸೊಂಟಕ್ಕೆ ಕೊಕ್ಕೆ, ಪಿಕಾಸಿ, ಮಸೆಗಲ್ಲು, ಬ್ರಶ್ ಕಟರಿನಲ್ಲಿ ಮೂರನೇ ಒಂದು ಪಾಲು, ಕಣ್ಣಿಗೆ ಕನ್ನಡಕ. ಉಳಿದ ಹಣದಲ್ಲಿ ಬೆಟ್ಟಕ್ಕೆ ಮತ್ತಿ, ಹೊನ್ನೆ ಸಸಿ. ನಿಮ್ಮನ್ನು ಮುಖತಃ ಕಾಣಲು ದೀಪಾವಳಿಯ ಆಸುಪಾಸು, ಹೂ ಬಿಡುವುದರೊಳಗೆ ಬರುತ್ತೇವೆ.

ನಿಮ್ಮಲ್ಲಿನ ಹಿರಿಯರಿಗೆ ನಮಸ್ಕಾರ. ಕಿರಿಯರಿಗೆ ಆಶೀರ್ವಾದ ಈ ಸಲ ಕಳಿಸುತ್ತಿಲ್ಲ.

ಇತಿ,
ನಿಮ್ಮ ಬೇಲಿಯಾಚೆಯವ