ಚೆಂಡಿನ ಮೂಗು

(ಅಮೆರಿಕದ ಓಹಾಯೊ ರಾಜ್ಯದ ಟೊಲೀಡೊ ಊರು. ಮಿಷಿಗನ್ ರಾಜ್ಯದ ಗಡಿ ಕೂಗಳತೆಯಲ್ಲಿ. ಅಳಿಯ ಓದಿದ್ದು ಮಿಷಿಗನ್ ವಿಶ್ವವಿದ್ಯಾಲಯ, ಮಗಳು ಓದಿದ್ದು ಓಹಾಯೊ ಸ್ಟೇಟ್. ಜಾತಕ ನೋಡಿದವರು ಮೂವತ್ತಾರು ಗುಣ ನೋಡಿದ್ದರು, ಇದೊಂದನ್ನು ನೋಡಿರಲಿಲ್ಲ. ಮಾವ ತಿಪಟೂರು ಕಡೆಯ ನಿವೃತ್ತ ಪೀಟಿ ಮೇಷ್ಟ್ರು. ಟೀವಿಯಲ್ಲಿ ಈ ಎರಡರ ನಡುವಿನ 2016ರ ನವೆಂಬರ್ 26ರ ಅಮೆರಿಕನ್ ಫುಟ್‌ಬಾಲ್ ಪಂದ್ಯದ ರೆಕಾರ್ಡಿಂಗು ಒಂದೇ ದೃಶ್ಯದಲ್ಲಿ ನಿಂತಿದೆ.)

ಅಳಿಯ: ಮಾವ, ಕನ್ನಡಕ ಹಾಕ್ಕೊಳ್ಳಿ. ಇನ್ನೂ ಸ್ವಲ್ಪ ಹತ್ರ ಬನ್ನಿ. ಈಗ ಹೇಳಿ, ಚೆಂಡು ಎಲ್ಲಿದೆ?

ಮಾವ: ಚೆಂಡೆಲ್ಲಿ ಬಂತು ಅಳಿಯಂದ್ರೆ? ಒಬ್ಬರ ಮೇಲೊಬ್ಬರು ಬಿದ್ದಿದಾರೆ. ಸಂತೇಲಿ ಮೂಟೆ ಇಳಿಸ್ತಾವ್ರಾ?

ಅಳಿಯ: ಆ ಕೆಂಪಂಗಿಯವನ ಕಂಕುಳಲ್ಲಿದೆ. ಅವನು ಜೇಟಿ ಬ್ಯಾರೆಟ್, ಓಹಾಯೊ ಸ್ಟೇಟಿನವನು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದಕ್ಕೆ ಹೋಗ್ಬೇಕು. ಹೋದ್ರೆ ಮತ್ತೆ ನಾಲ್ಕು ಅವಕಾಶ, ಇಲ್ಲಾಂದ್ರೆ ಚೆಂಡು ಎದುರಿನವರಿಗೆ. ಇದು ನಾಲ್ಕನೇದು. ಒಂದೇ ಒಂದು ಗಜ ಬಾಕಿ. ಎರಡನೇ ಓವರ್‌ಟೈಮು. ನಾವು 27, ಅವರು 24. ಇವನು ಇಲ್ಲಿ ನಿಂತ ಅಂದ್ರೆ ನಾವು ಗೆದ್ದ ಹಾಗೆ.

ಮಾವ: ನಾವು ಅಂದ್ರೆ? ಆವತ್ತು ನೀವೂ ಆಡಿದ್ರಾ?

ಅಳಿಯ: ಇಲ್ಲ ಮಾವ, ನಾವು ಅಂದ್ರೆ ಮಿಷಿಗನ್.

ಮಾವ: ಹಂಗೆ. ಸರಿ, ಆ ಪಟ್ಟೆ ಪಟ್ಟೆ ಅಂಗಿಯವರು ಯಾರು?

ಅಳಿಯ: ಅವರೇ. ಎಲ್ಲ ಅವರಿಂದಲೇ ಆಗಿದ್ದು. ಅಂಪೈರುಗಳು. ಮೈದಾನದಲ್ಲೇ ಎಂಟು ಜನ, ಜೊತೆಗೆ ಮೇಲೆ ಕೋಣೇಲಿ ಕೂತು ರೀಪ್ಲೇ ನೋಡೋರು ಬೇರೆ.

ಮಾವ: ಎಂಟು! ಹೋಬಳಿ ಮಟ್ಟದ ಕಬಡ್ಡಿಗೆ ನಾನೊಬ್ಬನೇ ಹೋಗ್ತಿದ್ದೆ. ಸೀಟಿ ಊದೋದು ನಾನೇ, ಅಂಕ ಬರೆಯೋದು ನಾನೇ, ಕೊನೇಲಿ ಸೋತವರ ಕೈಗೆ ಸಿಕ್ಕಿ ಬೈಸ್ಕೊಳ್ಳೋದೂ ನಾನೇ. ಇವರಿಗೆ ಪಗಾರ ಜೋರಾಗಿರಬೇಕು.

ಅಳಿಯ: ಪಂದ್ಯಕ್ಕಿಷ್ಟು ಅಂತ ಕೊಡ್ತಾರೆ. ಬಹಳ ಜನಕ್ಕೆ ವಾರವಿಡೀ ಬೇರೆ ಉದ್ಯೋಗ. ಒಬ್ಬ ಮೇಷ್ಟ್ರು, ಒಬ್ಬ ವಕೀಲ, ಒಬ್ಬ ಬ್ಯಾಂಕಿನವನು. ಶನಿವಾರ ಬಂತು ಅಂದ್ರೆ ಪಟ್ಟೆ ಅಂಗಿ ತೊಟ್ಕೊಂಡು ಒಂದು ಲಕ್ಷ ಜನದ ಮುಂದೆ ಸೀಟಿ.

ಮಾವ: ಮೇಷ್ಟ್ರೂ ಇದಾರಾ? ಹಾಗಾದ್ರೆ ತೀರ್ಪು ಸರಿಯಾಗೇ ಇರ್ತದೆ.

ಅಳಿಯ: ಮಾವ, ನೀವು ಇನ್ನೂ ನೋಡೇ ಇಲ್ಲ! ಇಲ್ಲಿ ನೋಡಿ, ಪಕ್ಕದ ಗೆರೆಯಿಂದ ಒಬ್ಬ ಓಡಿ ಬಂದ. ಒಂದು ಕಾಲು ಮುಂದಿಟ್ಟು ನಿಂತ. ಅವನ ಬೂಟಿನ ತುದಿ ಎಲ್ಲಿದೆಯೋ ಅಲ್ಲಿಗೆ ಚೆಂಡು ಬಂತು ಅಂತ ಲೆಕ್ಕ.

ಮಾವ: ಅಂದಾಜಲ್ಲಿ?

ಅಳಿಯ: ಶುದ್ಧ ಅಂದಾಜು. ಆಮೇಲೆ ಅನುಮಾನ ಬಂದ್ರೆ ಹತ್ತು ಗಜದ ಸರಪಳಿ ತರ್ತಾರೆ. ಇಬ್ಬರು ಎರಡು ಕಡೆ ಬಿಗಿಯಾಗಿ ಎಳೆದು ಹಿಡಿದು, ಬಗ್ಗಿ, ಚೆಂಡಿನ ಮೂಗು ಕೋಲಿಗೆ ತಾಗಿತಾ ಇಲ್ವಾ ಅಂತ ಅಂಗುಲ ಅಂಗುಲ ನೋಡ್ತಾರೆ.

ಮಾವ: ಕಲ್ಲು ನೆಡೋದು ಕಣ್ಣಂದಾಜಲ್ಲಿ, ಸರಪಳಿ ಹಿಡಿಯೋದು ಮಾತ್ರ ಬಲು ನಾಜೂಕಾಗಿ. ನಮ್ಮ ತೆಂಗಿನ ತೋಟದ ಬದು ಸರ್ವೆಯವರ ಕೈಲಿ ಹಿಂಗೇ ಹೋಯ್ತು. ಎರಡು ಮರ ಪಕ್ಕದವರ ಪಾಲಾಯ್ತು.

ಅಳಿಯ: (ಸಂತೋಷದಿಂದ) ಅದೇ! ಅದೇ ನಾನು ಹೇಳ್ತಿರೋದು! ನಿಮಗೊಬ್ಬರಿಗೆ ಅರ್ಥವಾಯ್ತು.

(ಮಗಳು ಕಾಫಿ ಲೋಟ ಹಿಡಿದು ಬರುತ್ತಾಳೆ.)

ಮಗಳು: ತಗೊಳ್ಳಿ ಅಪ್ಪ, ಬಿಸಿ ಬಿಸಿ. ರೀ, ಮತ್ತೆ ಅದನ್ನೇ ಹಾಕಿದ್ರಾ? ಮೂಗು ಗೆರೆ ಮುಟ್ಟಿದೆ ಬಿಡ್ರೀ.

ಅಳಿಯ: ಮುಟ್ಟಿಲ್ಲ!

ಮಗಳು: ಹದಿನೈದನೇ ಗಜದ ಗೆರೆ ಮೇಲೇ ಚೆಂಡಿಟ್ಟಿದಾರೆ. ರೀಪ್ಲೇನೂ ನೋಡಿದ್ರು. ಮುಂದಿನ ಓಟದಲ್ಲೇ ಕರ್ಟಿಸ್ ಸ್ಯಾಮ್ಯುಯೆಲ್ ಹದಿನೈದು ಗಜ ಓಡಿ ಮುಗಿಸಿಬಿಟ್ಟ. 30ಕ್ಕೆ 27. ಅಪ್ಪ, ನೀವೇ ಹೇಳಿ.

ಮಾವ: (ಲೋಟ ಬಾಯಿಗಿಟ್ಟು, ಕಣ್ಣರಳಿಸಿ) ಆಹಾ... ಅಂದ್ರೆ, ನೋಡೋಣ. ಆ ರೀಪ್ಲೇಯವರು ಏನಂದ್ರು?

ಅಳಿಯ: ಅಲ್ಲೇ ಇರೋದು ಮಸಲತ್ತು. ಸಾಕ್ಷಿ ಸ್ಪಷ್ಟವಾಗಿದ್ರೆ ತೀರ್ಪು ಸರಿ ಅಂತ ಖಚಿತ ಮಾಡ್ತಾರೆ, ಇಲ್ಲವೇ ತಪ್ಪು ಅಂತ ತಿರುಗಿಸ್ತಾರೆ. ಎರಡೂ ಗೊತ್ತಾಗಲಿಲ್ಲ ಅನ್ನಿ, ಮೈದಾನದಲ್ಲಿ ಹೇಳಿದ್ದೇ ನಿಲ್ತದೆ ಅಂತಾರೆ. ಇಲ್ಲಿ ನಿಲ್ತದೆ ಅಂದ್ರು.

ಮಾವ: ಅದು ನ್ಯಾಯವೇ ಅಲ್ವಾ? ನಾವು ಸುಣ್ಣದಲ್ಲಿ ಗೆರೆ ಎಳೀತಿದ್ವಿ. ಎರಡು ರೈಡು ಆಗೋ ಹೊತ್ತಿಗೆ ಹುಡುಗರ ಕಾಲಲ್ಲಿ ಉಜ್ಜಿ ಅರ್ಧ ಗೆರೆ ಮಾಯ. ಹೆಬ್ಬೆರಳು ತಾಗಿತಾ ಇಲ್ವಾ ಅಂತ ಯಾರಿಗೆ ಗೊತ್ತು? ಕೂಡಲೇ ಸೀಟಿ ಊದಿ ಕೈ ಎತ್ತಿಬಿಡ್ಬೇಕು. ಯೋಚನೆ ಮಾಡ್ತಾ ನಿಂತ್ರೆ ಎರಡೂ ಕಡೆಯವರು ಹೊಡೀತಾರೆ.

ಅಳಿಯ: ನಮ್ಮ ಆಗಿನ ಕೋಚು ಜಿಮ್ ಹಾರ್ಬಾ ಆಟ ಮುಗಿದ ಮೇಲೆ ಬಾಯಿಬಿಟ್ಟು ಹೇಳಿದ್ರು, ಅಂಪೈರಿಂಗ್ ನೋಡಿ ಬಹಳ ಬೇಸರವಾಯ್ತು ಅಂತ. ಅದಕ್ಕೆ ಬಿಗ್ ಟೆನ್ ಕಾನ್ಫರೆನ್ಸಿನವರು ಮಿಷಿಗನ್‌ಗೆ ಹತ್ತು ಸಾವಿರ ಡಾಲರ್ ದಂಡ ಹಾಕಿದ್ರು. ಅನ್ಯಾಯ ಆದವರಿಗೇ ದಂಡ!

ಅತ್ತೆ: (ಅಡುಗೆಮನೆಯಿಂದ) ಬೈಯೋಕೆ ದುಡ್ಡು ಕೊಡ್ಬೇಕಾ ಈ ದೇಶದಲ್ಲಿ?

ಅಳಿಯ: ಹೂಂ ಅತ್ತೆ. ಆದ್ರೆ ದೇವರಿದಾನೆ. ಅದೇ ಡಿಸೆಂಬರ್ 31ಕ್ಕೆ ಪ್ಲೇಆಫ್‌ನಲ್ಲಿ ಇವಳ ಓಹಾಯೊ ಸ್ಟೇಟಿಗೆ ಕ್ಲೆಮ್ಸನ್‌ನವರು ಬಾರಿಸಿದ್ರು. 31 ಸೊನ್ನೆ. ಸೊನ್ನೆ, ಮಾವ!

ಮಗಳು: ಅಪ್ಪ, ಇವರ ಕಥೆ ಕೇಳಿ. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ನಮ್ಮನ್ನ ಸೋಲಿಸಿದಾರೆ. 2024ರ ಜನವರೀಲಿ ರಾಷ್ಟ್ರೀಯ ಚಾಂಪಿಯನ್ನೂ ಆದ್ರು. ಅದ್ಯಾವುದರ ರೆಕಾರ್ಡಿಂಗೂ ಈ ಮನೇಲಿಲ್ಲ. ಇದೊಂದನ್ನ ಮಾತ್ರ ಪೂಜೆಗಿಟ್ಟ ಹಾಗೆ ಇಟ್ಕೊಂಡಿದಾರೆ.

ಅಳಿಯ: ಗೆದ್ದಿದ್ದು ಗೆದ್ದಾಯ್ತಲ್ಲ. ಅದರಲ್ಲಿ ಮತ್ತೆ ಮತ್ತೆ ನೋಡೋದೇನಿದೆ?

ಅತ್ತೆ: (ಹೊರಗೆ ಬಂದು) ಇವಳೇನು ಕಡಿಮೆಯಾ? ಎಂಟಿಆರ್ ಸಾಂಬಾರ್ ಪುಡಿ ಪೊಟ್ಟಣದ ಮೇಲೆ ಕೆಂಪು ಟೇಪು ಅಂಟಿಸಿದಾಳೆ. ಏನೇ ಇದು ಅಂದ್ರೆ, ಮಿಷಿಗನ್ ಆಟದ ವಾರ ಎಂ ಅನ್ನೋ ಅಕ್ಷರ ಕಣ್ಣಿಗೆ ಬೀಳಬಾರದಂತೆ. ಈಗ ಮನೇಲಿರೋದು ಬರೀ ಟಿಆರ್ ಪುಡಿ.

ಮಗಳು: ನಮ್ಮ ಕೊಲಂಬಸ್ ಕ್ಯಾಂಪಸ್ಸಲ್ಲಿ ಎಲ್ಲ ಬೋರ್ಡಿಗೂ ಹಾಗೇ ಮಾಡ್ತಾರಮ್ಮ. ಸಂಪ್ರದಾಯ.

ಮಾವ: ಪಕ್ಕಪಕ್ಕದ ರಾಜ್ಯದವರು, ಅದೇನು ಇಷ್ಟು ದ್ವೇಷ?

ಮಗಳು: ಹಳೇದು ಅಪ್ಪ. 1835ರಲ್ಲಿ ಈ ಟೊಲೀಡೊ ಯಾರದ್ದು ಅಂತ ಎರಡೂ ಕಡೆಯವರು ಬಂದೂಕು ಹಿಡಿದು ಬಂದಿದ್ರು. ಒಬ್ಬ ಸರ್ವೆಯವನು ಒಂದು ಕಡೆ ಗೆರೆ ಎಳೆದಿದ್ದ, ಇನ್ನೊಬ್ಬ ಇನ್ನೊಂದು ಕಡೆ. ಕೊನೆಗೆ ಟೊಲೀಡೊ ಓಹಾಯೊಗೆ ಬಂತು, ಮಿಷಿಗನ್‌ಗೆ ಸಮಾಧಾನಕ್ಕೆ ಅಂತ ಉತ್ತರದ ಕಾಡು ಕೊಟ್ರು.

ಅಳಿಯ: ಅದೂ ತಪ್ಪು ತೀರ್ಪೇ! ಆವತ್ತಿಂದಲೂ ಗೆರೆ ವಿಚಾರದಲ್ಲಿ ನಮಗೆ ಮೋಸ.

ಮಾವ: ಆ ಕಾಡಲ್ಲಿ ಆಮೇಲೆ ಏನಾದ್ರೂ ಸಿಕ್ತಾ?

ಅಳಿಯ: ತಾಮ್ರದ ಗಣಿ, ಕಬ್ಬಿಣದ ಗಣಿ.

ಮಾವ: ಮತ್ತೇನು ಕಷ್ಟ ನಿಮಗೆ?

ಅಳಿಯ: ಮಾವ, ನೀವು ಅಂಪೈರುಗಳ ಪಕ್ಷ. ಇವರ ಚರಿತ್ರೆ ಗೊತ್ತಿಲ್ಲ ನಿಮಗೆ. 1990ರಲ್ಲಿ ಮಿಸೌರಿಯಲ್ಲಿ ಕೊಲರಾಡೋದವರು ಆಡ್ತಿದ್ರು. ಕೊನೇ ಕ್ಷಣ. ಎಷ್ಟನೇ ಅವಕಾಶ ಅಂತ ತೋರಿಸೋ ಕೋಲಿನ ಅಂಕಿ ಬದಲಾಯಿಸೋದನ್ನೇ ಮರೆತುಬಿಟ್ರು. ನಾಲ್ಕರ ಬದಲು ಐದು ಅವಕಾಶ ಸಿಕ್ತು. ಐದನೇದರಲ್ಲಿ ನುಗ್ಗಿ 33ಕ್ಕೆ 31 ಗೆದ್ರು.

ಮಾವ: ನಾಲ್ಕರ ತನಕ ಎಣಿಸೋಕೆ ಬರಲಿಲ್ವಾ? ಕಾಲೇಜು ಅಂತೀರಲ್ರೀ ಅದನ್ನ!

ಅಳಿಯ: ಅಂಪೈರುಗಳನ್ನ ಅಮಾನತು ಮಾಡಿದ್ರು. ಆದ್ರೆ ಗೆಲುವು ಗೆಲುವೇ. ಆ ವರ್ಷ ಕೊಲರಾಡೋ ಜಾರ್ಜಿಯಾ ಟೆಕ್ ಜೊತೆ ಚಾಂಪಿಯನ್ ಪಟ್ಟ ಹಂಚಿಕೊಂಡು ಮೆರೀತು.

ಮಾವ: ಮಾನ ಮರ್ಯಾದೆ ಇರೋರು ವಾಪಸ್ಸು ಕೊಡ್ತಿದ್ರು.

ಮಗಳು: ಕೊಟ್ಟವರೂ ಇದಾರೆ ಅಪ್ಪ. 1940ರಲ್ಲಿ ಕಾರ್ನೆಲ್‌ನವರು ಡಾರ್ಟ್‌ಮತ್ ಮೇಲೆ ಹೀಗೇ ಐದನೇ ಅವಕಾಶದಲ್ಲಿ 7ಕ್ಕೆ 3 ಗೆದ್ದಿದ್ರು. ಆಮೇಲೆ ಫಿಲಂ ನೋಡಿದಾಗ ಐದು ಅಂತ ಗೊತ್ತಾಯ್ತು. ಗೆಲುವು ನಮ್ಮದಲ್ಲ ಅಂತ ತಿಳಿಸಿದ್ರು. ಈಗಲೂ ದಾಖಲೆಯಲ್ಲಿರೋದು ಡಾರ್ಟ್‌ಮತ್ 3, ಕಾರ್ನೆಲ್ 0.

ಅತ್ತೆ: ಒಳ್ಳೇ ಮಕ್ಕಳು. ಯಾರು ಹೆತ್ತಿದ್ರೋ.

ಅಳಿಯ: ಅಂಥವರು ಅದೇ ಕೊನೆ ಅತ್ತೆ. 2015ರಲ್ಲಿ ಡ್ಯೂಕ್ ಮೇಲೆ ಮಯಾಮಿ ಆಡಿದಾಗ ಗಡಿಯಾರದಲ್ಲಿ ಸಮಯ ಮುಗೀತಾ ಬಂದಿತ್ತು. ಮಯಾಮಿ ಹುಡುಗರು ಒಬ್ಬರಿಂದೊಬ್ಬರಿಗೆ ಎಂಟು ಸಲ ಚೆಂಡು ಹಿಂದಕ್ಕೆ ಎಸೆದು, ಇಡೀ ಮೈದಾನ ಸುತ್ತಾಡಿ ಗೆರೆ ದಾಟಿದ್ರು. ಮಧ್ಯದಲ್ಲಿ ಒಬ್ಬನ ಮಂಡಿ ನೆಲಕ್ಕೆ ತಾಗಿತ್ತು, ಅಂದ್ರೆ ಆಟ ಅಲ್ಲೇ ಮುಗಿದ ಹಾಗೆ. ಹತ್ತಿರ ಹತ್ತಿರ ಒಂಬತ್ತು ನಿಮಿಷ ರೀಪ್ಲೇ ನೋಡಿದ್ರು, ಮಂಡಿ ಕಾಣಲಿಲ್ಲ! ಮಾರನೇ ದಿನ ತಪ್ಪಾಯ್ತು ಅಂತ ಅಂಪೈರುಗಳಿಗೆಲ್ಲ ಎರಡು ಪಂದ್ಯ ಸಸ್ಪೆನ್ಶನ್ನು.

ಅತ್ತೆ: ಮತ್ತೆ ಗೆದ್ದವರು?

ಅಳಿಯ: ಮಯಾಮೀನೇ. ಫಲಿತಾಂಶ ಬದಲಾಗಲ್ಲ.

ಅತ್ತೆ: ಕಳ್ಳನ್ನ ಹಿಡಿದು, ಸರ ಅವನ ಹತ್ರಾನೇ ಬಿಟ್ರು ಅನ್ನಿ.

ಮಾವ: ನೀವೇನೇ ಹೇಳಿ ಅಳಿಯಂದ್ರೆ, ಪ್ರೇಕ್ಷಕರಿಗೆ ತಾಳ್ಮೆ ಬೇಕು. ನಮ್ಮ ಕಡೆ ತೀರ್ಪು ಹಿಡಿಸಲಿಲ್ಲ ಅಂದ್ರೆ ಕಲ್ಲು ಬೀಳ್ತಿತ್ತು. ಇಲ್ಲಿ ಹಾಗಿಲ್ಲ ತಾನೆ?

ಮಗಳು: 2024ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನವರು ಬಾಟಲಿ ಎಸೆದ್ರು ಅಪ್ಪ. ಆಸ್ಟಿನ್‌ನಲ್ಲಿ ಜಾರ್ಜಿಯಾ ಮೇಲೆ ಆಟ. ಟೆಕ್ಸಸ್ ಹುಡುಗ ಚೆಂಡು ಹಿಡಿದು ಓಡಿದ್ದ, ಅವನು ಎದುರಾಳಿಗೆ ಅಡ್ಡಿ ಮಾಡಿದ ಅಂತ ಹಳದಿ ಬಾವುಟ ಬಿತ್ತು. ಜನ ಬಾಟಲಿ ಎಸೆದ್ರು, ಆಟ ನಿಂತ್ಹೋಯ್ತು. ಮೈದಾನ ಗುಡಿಸೋ ಹೊತ್ತಿಗೆ ಅಂಪೈರುಗಳು ಮತ್ತೆ ಗುಂಪು ಸೇರಿ ಮಾತಾಡಿ, ಆ ಬಾವುಟ ವಾಪಸ್ಸು ತಗೊಂಡ್ರು.

ಮಾವ: ಬಾಟಲಿಗೆ ಹೆದರಿ?

ಅಳಿಯ: ಮೊದಲಿನ ತೀರ್ಪು ತಪ್ಪೇ ಇತ್ತು ಮಾವ. ಆದ್ರೂ ಆಮೇಲೆ ಟೆಕ್ಸಸ್‌ಗೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. ಇಷ್ಟೆಲ್ಲ ಆಗಿ ಆಟಾನೂ ಸೋತ್ರು.

ಮಾವ: ಎರಡೂವರೆ ಲಕ್ಷ ಡಾಲರ್ರು... ಎರಡು ಕೋಟಿ ರೂಪಾಯಿ ಮೇಲಾಯ್ತಲ್ರೀ! ನಮ್ಮೂರಲ್ಲಿ ಕಲ್ಲು ಬಿಟ್ಟಿ. ನೋಡಿ, ಅಂಪೈರೂ ಮನುಷ್ಯ. ಕಣ್ಣು ತಪ್ಪುತ್ತೆ. ಮರೆತು ಮುಂದಕ್ಕೆ ಹೋಗ್ಬೇಕು. ಆಟ ಅಂದ ಮೇಲೆ ಅಷ್ಟು ದೊಡ್ಡ ಮನಸ್ಸು...

ಮಗಳು: (ಮೆಲ್ಲಗೆ) ಅಪ್ಪ. ಸಿಡ್ನಿ. 2008.

ಮಾವ: (ಲೋಟ ಟೀಪಾಯಿ ಮೇಲೆ ಕುಕ್ಕಿ) ಆ ಅಂಪೈರ್ ಬಕ್ನರ್ ವಿಚಾರ ಬೇರೆ!

ಅತ್ತೆ: ಅಯ್ಯೋ, ಆ ಹೆಸರು ಯಾಕೆ ಎತ್ತಿದೆಯೇ? ಬಿಪಿ ಮಾತ್ರೆ ಇನ್ನೂ ನುಂಗಿಲ್ಲ ಅವರು.

ಮಾವ: ಬೇರೆ ಕಣೇ, ಪೂರ್ತಿ ಬೇರೆ! ಆಸ್ಟ್ರೇಲಿಯಾದ ಸೈಮಂಡ್ಸ್ ಮೂವತ್ತರಲ್ಲಿದ್ದ. ಇಶಾಂತ್ ಹಾಕಿದ ಚೆಂಡು ಬ್ಯಾಟಿಗೆ ತಾಗಿದ ಸದ್ದು ತಿಪಟೂರಲ್ಲಿ ಟೀವಿ ಮುಂದೆ ಕೂತ ನನಗೆ ಕೇಳಿಸ್ತು, ಅಲ್ಲೇ ನಿಂತವನಿಗೆ ಕೇಳಿಸಲಿಲ್ಲ. ಮೂವತ್ತರವನು 162 ಹೊಡೆದು ನಾಟೌಟು! ಅದೂ ಹೋಗ್ಲಿ. ನಮ್ಮ ದ್ರಾವಿಡ್... ಲೇ, ಆ ಲಟ್ಟಣಿಗೆ ಕೊಡೇ ಇಲ್ಲಿ.

(ಲಟ್ಟಣಿಗೆ ಹಿಡಿದು, ಎಡಗಾಲು ಮುಂದಿಟ್ಟು, ಬಗ್ಗಿ ನಿಲ್ಲುತ್ತಾರೆ.)

ಮಾವ: ನೋಡಿ ಅಳಿಯಂದ್ರೆ. ಕಾಲು ಇಲ್ಲಿ. ಪ್ಯಾಡು ಇಲ್ಲಿ. ಬ್ಯಾಟು ಎಲ್ಲಿ? ಪ್ಯಾಡಿನ ಹಿಂದೆ! ಹಿಂದಿರೋ ಬ್ಯಾಟಿಗೆ ಚೆಂಡು ಹೆಂಗ್ರೀ ತಾಗುತ್ತೆ? ಕ್ಯಾಚ್ ಔಟಂತೆ! ಅನಿಲ್ ಕುಂಬ್ಳೆ ಕ್ಯಾಪ್ಟನ್ನು, ಅಂಥ ಸಂಭಾವಿತ ಮನುಷ್ಯನೇ ಮಾತಾಡೋ ಹಾಗಾಯ್ತು. ಮುಂದಿನ ಪರ್ತ್ ಪಂದ್ಯಕ್ಕೆ ಬಕ್ನರ್‌ನ ತೆಗೆದು ಹಾಕಿದ್ರು. ಅಲ್ಲಿ ಗೆದ್ವಿ!

ಅಳಿಯ: ನಾವು ಅಂದ್ರೆ? ನೀವೂ ಆಡಿದ್ರಾ ಮಾವ?

(ಮಾವ ಲಟ್ಟಣಿಗೆ ಕೆಳಗಿಳಿಸುತ್ತಾರೆ.)

ಮಗಳು: ದೊಡ್ಡ ಮನಸ್ಸು ಅಂತ ಏನೋ ಹೇಳ್ತಿದ್ರಿ ಅಪ್ಪ.

ಮಾವ: ಅದು... ಸಾಕ್ಷಿ ಸ್ಪಷ್ಟ ಇಲ್ಲದಾಗ. ಸಿಡ್ನೀಲಿ ಸ್ಪಷ್ಟ ಇತ್ತು.

ಅಳಿಯ: ಹಾಗಾದ್ರೆ ಇದಕ್ಕೂ ಒಂದು ಮಾತು ಹೇಳಿಬಿಡಿ. ನೀವು ಮೇಷ್ಟ್ರು, ಕಬಡ್ಡಿ ಅಂಪೈರು, ಮೂರನೆಯವರು. ಚೆಂಡಿನ ಮೂಗು ಗೆರೆ ಮುಟ್ಟಿದೆಯಾ?

ಮಾವ: (ಟೀವಿಗೆ ಮೂಗು ತಾಗುವಷ್ಟು ಬಗ್ಗಿ, ಮಗಳ ಮುಖ ನೋಡಿ, ಅಳಿಯನ ಮುಖ ನೋಡಿ, ಮಿಕ್ಕ ಕಾಫಿಯನ್ನು ನೋಡಿ) ಹೂಂ... ಅವನ ಮೊಣಕೈ ಅಡ್ಡ ಬಂದಿದೆ. ಆ ದಪ್ಪಗಿರೋನ ಹೆಲ್ಮೆಟ್ಟೂ ಅಡ್ಡ. ತಿರುಗಿಸೋಕೆ ಸಾಕ್ಷಿ ಸಾಲದು. ಮೈದಾನದಲ್ಲಿ ಹೇಳಿದ್ದೇ ನಿಲ್ತದೆ.

ಮಗಳು: ಭಲೇ ಅಪ್ಪ!

ಅಳಿಯ: ಒಂದು ನಿಮಿಷ. ಆಗ ನೀವು ಕಾಫಿ ಕುಡಿದು ‘ಆಹಾ’ ಅಂದ್ರಲ್ಲ? ಇಲ್ಲಿಗೆ ಬಂದಾಗಿಂದ ಇವರು ಕಾಫಿ ಕುಡಿದು ಆಹಾ ಅಂದಿದ್ದು ನಾನು ಕೇಳಿಲ್ಲ. ಅತ್ತೆ, ಆ ಲೋಟ ಸ್ವಲ್ಪ ನೋಡಿ.

ಮಾವ: ಯಾಕೆ? ಆರಿಹೋಗಿದೆ ಅದು, ಚೆಲ್ಲಿಬಿಡಿ.

(ಅತ್ತೆ ಲೋಟ ಎತ್ತಿ ಒಂದು ಗುಟುಕು ಕುಡಿಯುತ್ತಾರೆ. ನಿಧಾನವಾಗಿ ಇನ್ನೊಂದು. ಮತ್ತೊಂದು.)

ಅತ್ತೆ: ಎರಡು ಚಮಚ ಸಕ್ಕರೆ.

ಅಳಿಯ: ಲಂಚ! ಸಕ್ಕರೆ ಕಾಯಿಲೆ ಅಂಪೈರಿಗೆ ಸಕ್ಕರೆ ಕಾಫಿ! ತೀರ್ಪು ರದ್ದಾಗಬೇಕು.

ಮಗಳು: ಡಬ್ಬಿ ಗೊತ್ತಾಗಲಿಲ್ಲ ಕಣ್ರೀ, ಕೈ ತಪ್ಪಿ ಬಿತ್ತು.

ಅಳಿಯ: ಎರಡು ಸಲ ಕೈ ತಪ್ಪುತ್ತಾ?

ಅತ್ತೆ: ಸುಮ್ಮನಿರಿ ಎಲ್ಲರೂ. ಅಂಪೈರಿಗೆ ಎರಡು ವಾರ ಕಾಫಿ ಸಸ್ಪೆಂಡ್. ಬರೀ ರಾಗಿ ಗಂಜಿ.

ಅಳಿಯ: ಮತ್ತೆ ಫಲಿತಾಂಶ?

ಅತ್ತೆ: ಅದು ಹಾಗೇ ಇರ್ಲಿ. ಡ್ಯೂಕ್‌ನವರಿಗೂ ಹಾಗೇ ಮಾಡಿದ್ರು ಅಂತ ನೀವೇ ಹೇಳಿದ್ರಲ್ಲ.

ಮಾವ: ಸರಿ ಕಣೇ. ಆದ್ರೆ ಒಂದು ಮಾತು. ಸಕ್ಕರೆ ಇದೆ ಅಂತ ಮೊದಲನೇ ಗುಟುಕಲ್ಲೇ ಗೊತ್ತಾಯ್ತಲ್ಲ, ಮತ್ತೆರಡು ಗುಟುಕು ಯಾಕೆ ಕುಡಿದೆ?

ಅತ್ತೆ: ರೀಪ್ಲೇ.