ಮನ್ಸೂರಾದಲ್ಲಿ ಅನ್ನ ಬಿಟ್ಟವರು

ಅನ್ನ ಬಿಟ್ಟಿದ್ದೇನೆ ಎಂದು ಕತಾರಿನಿಂದ ಊರಿಗೆ ಫೋನ್ ಮಾಡಿ ಹೇಳಿ ನೋಡಿ. “ಯಾಕೆ ಮಗಾ, ಅಲ್ಲಿ ಸಂಬಳ ಸರಿಯಾಗಿ ಆಗುತ್ತಿಲ್ಲವಾ?” ಎಂದೇ ಅಮ್ಮ ಕೇಳುವುದು. ದುಡಿಯುವ ಗಂಡಸು ಅನ್ನ ಬಿಡುವುದಕ್ಕೆ ಬೇರೆ ಕಾರಣ ಉಡುಪಿ ಕಡೆಯವರಿಗೆ ಹೊಳೆಯುವುದಿಲ್ಲ. ‘ಲೋ ಕಾರ್ಬ್’ ಎಂದು ವಿವರಿಸಲು ಹೋದರೆ ಅದೇನೋ ಹೊಸ ಕಾಯಿಲೆ ಎಂದು ಇನ್ನಷ್ಟು ಗಾಬರಿಯಾಗುತ್ತಾರೆ.

ದೋಹಾದಲ್ಲಿ ಈ ಪಥ್ಯಕ್ಕೆ ಅಲ್ ಮನ್ಸೂರಾದಷ್ಟು ಕಷ್ಟದ ಜಾಗ ಇರಲಾರದು. ಮೆಟ್ರೋದ ಹಸಿರು ಮಾರ್ಗ ಮುಗಿಯುವುದೇ ಇಲ್ಲಿ. ನಿಲ್ದಾಣದಿಂದ ಮನೆಗೆ ನಡೆಯುವಾಗ ಒಂದು ಕಡೆ ಪರೋಟ ಬಡಿಯುವ ಸದ್ದು, ಇನ್ನೊಂದು ಕಡೆ ಬಿರಿಯಾನಿಯ ಘಮ, ಮೂಲೆಯಲ್ಲಿ ಬಿಸಿ ಖುಬ್ಬೂಸ್. ಇಂಥಲ್ಲಿ ಮನೋಬಲವನ್ನು ನಂಬುವುದು ಮೂರ್ಖತನ. ಹಸಿದ ಹೊಟ್ಟೆಯಲ್ಲಿ ಮೆಟ್ರೋ ಇಳಿಯದಿರುವುದೇ ಜಾಣತನ. ಆಫೀಸು ಬಿಡುವ ಮೊದಲೇ ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಹಿಡಿ ಬಾದಾಮಿ ಬಾಯಿಗೆ ಹಾಕಿಕೊಳ್ಳಬೇಕು. ರೈಲಿನಲ್ಲಿ ಡಬ್ಬಿ ತೆರೆಯುವಂತಿಲ್ಲ. ತಿಂಡಿ ನಿಷಿದ್ಧ, ಮೊಟ್ಟೆಯ ವಾಸನೆಗಂತೂ ಕ್ಷಮೆಯೇ ಇಲ್ಲ.

ಅನ್ನಕ್ಕಿಂತ ದೊಡ್ಡ ಶತ್ರು ಕರಕ್ ಚಹಾ. ಕಪ್ಪು ಸಣ್ಣದು, ಆದರೆ ದಿನಕ್ಕೆ ನಾಲ್ಕೈದು ಆಗುತ್ತದೆ. ಮಲಯಾಳಿ ಕೆಫೆಟೇರಿಯಾದಲ್ಲಿ ‘ವಿತೌಟ್’ ಎಂದರೆ ಸಕ್ಕರೆ ಬಿಡುತ್ತಾರೆ ನಿಜ. ಆದರೆ ಸಕ್ಕರೆ ಹಾಕಿಯೇ ಕುದಿಸಿಟ್ಟ ಪಾತ್ರೆಯ ಮುಂದೆ ಆ ಮಂತ್ರ ನಡೆಯುವುದಿಲ್ಲ. ಆಗ ಸಕ್ಕರೆಯಿಲ್ಲದ ಸುಲೈಮಾನಿಯೇ ಗತಿ. ತಂಪು ಪಾನೀಯದ ವಿಷಯದಲ್ಲಿ ಸರ್ಕಾರವೇ ನಮ್ಮ ಜೊತೆಗಿದೆ: 2019ರಲ್ಲೇ ಗ್ಯಾಸ್ ತುಂಬಿದ ಸಿಹಿ ಪಾನೀಯಗಳ ಮೇಲೆ ಶೇಕಡ 50 ಸುಂಕ ಹೇರಿತು. ಖರ್ಜೂರಕ್ಕೆ ಸುಂಕವೂ ಇಲ್ಲ, ತಡೆಯೂ ಇಲ್ಲ. ಯಾರ ಮನೆಗೆ ಹೋದರೂ ತಟ್ಟೆ ಮುಂದೆ ಬರುತ್ತದೆ. ಒಂದು ತೆಗೆದುಕೊಂಡು, ಮಾತಾಡುತ್ತಾ ತಟ್ಟೆಯನ್ನು ಪಕ್ಕದವರ ಕಡೆ ಸರಿಸಿಬಿಡಿ.

ನಮ್ಮವರಲ್ಲಿ ಇನ್ನೊಂದು ನಂಬಿಕೆ: ಅನ್ನ ಬಿಟ್ಟು ಮುದ್ದೆ ಹಿಡಿದರೆ ಪಥ್ಯವಾಯಿತು ಅಂತ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 67. ನಾರು, ಕ್ಯಾಲ್ಸಿಯಂ ಲೆಕ್ಕದಲ್ಲಿ ರಾಗಿ ಗೆಲ್ಲುತ್ತದೆ, ಒಪ್ಪಿದೆ. ಆದರೆ ಎರಡು ಮುದ್ದೆ ನುಂಗಿ ‘ಲೋ ಕಾರ್ಬ್’ ಎಂದು ಬೀಗುವ ಮಂಡ್ಯದ ಗೆಳೆಯರಿಗೆ ಇದನ್ನು ಹೇಳಿದರೆ ಸ್ನೇಹವೇ ಕೆಡುತ್ತದೆ.

ಸುಖವಿರುವುದು ಕರಾವಳಿಯವರಿಗೆ. ಕೋರಿ ರೊಟ್ಟಿಯಲ್ಲಿ ರೊಟ್ಟಿ ಬಿಟ್ಟರೆ ಕೋರಿ ಉಳಿಯಿತಲ್ಲ! ಕುಂದಾಪುರದ ಘೀ ರೋಸ್ಟಿಗೆ ನೀರ್ ದೋಸೆಯ ಹಂಗಿಲ್ಲ. ಅಂಜಲ್ ಇಲ್ಲಿಯೂ ಸಿಗುತ್ತದೆ, ಹಮೂರ್ ಇದೆ. ರವೆ ಮೆತ್ತದೆ ಬರೀ ಮಸಾಲೆಯಲ್ಲಿ ಕಾಯಿಸಿದರಾಯಿತು. ಸಸ್ಯಾಹಾರಿಗಳಿಗೆ ಲಬ್ನೆ, ಹಲ್ಲೂಮಿ, ಪನೀರ್. ಹೂಕೋಸು ತುರಿದು ಒಗ್ಗರಣೆ ಹಾಕಿದರೆ ಉಪ್ಪಿಟ್ಟಿನ ದೂರದ ನೆಂಟನಂತೆ ಕಾಣುತ್ತದೆ. ಹತ್ತಿರದ ನೆಂಟ ಎಂದು ಹೇಳುವವರನ್ನು ನಂಬಬೇಡಿ. ಎಲ್ಲಕ್ಕಿಂತ ಸುಲಭದ ದಾರಿ ತಟ್ಟೆಯನ್ನು ತಿರುವುಮುರುವು ಮಾಡುವುದು: ಪಲ್ಯ ರಾಶಿ, ಅನ್ನ ಉಪ್ಪಿನಕಾಯಿಯ ಜಾಗದಲ್ಲಿ.

ರೂಮಿನವರು “ಇದೆಲ್ಲ ಫ್ಯಾಷನ್ನು” ಎಂದು ನಗುತ್ತಾರೆ. 2020ರಲ್ಲಿ ಪ್ರಕಟವಾದ, ಕತಾರಿನಲ್ಲೇ ನಡೆದ ‘ಡಯಾಡೆಮ್-1’ ಅಧ್ಯಯನವನ್ನು ನಾನು ಆಗ ಹೊರತೆಗೆಯುತ್ತೇನೆ. ಬಿಗಿಯಾದ ಪಥ್ಯ ಮತ್ತು ವ್ಯಾಯಾಮದಿಂದ, ಸಕ್ಕರೆ ಕಾಯಿಲೆ ಬಂದು ಹೆಚ್ಚು ವರ್ಷವಾಗದವರಲ್ಲಿ ಶೇಕಡ 61 ಮಂದಿಗೆ ವರ್ಷದೊಳಗೆ ಕಾಯಿಲೆ ಹಿಮ್ಮೆಟ್ಟಿತ್ತು; ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇಕಡ 12. ಅದು ಒಟ್ಟು ಕ್ಯಾಲೊರಿಯನ್ನೇ ಕಡಿದ ಪಥ್ಯ, ಬರೀ ಅನ್ನ ಬಿಟ್ಟದ್ದಲ್ಲ ಎಂಬುದನ್ನು ವಾದದ ಬಿಸಿಯಲ್ಲಿ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಜೋರಾಗಿ ಹೇಳುವುದು ಒಂದೇ: ಇನ್ಸುಲಿನ್ನೋ ಮಾತ್ರೆಯೋ ಇರುವವರು ಡಾಕ್ಟರನ್ನು ಕೇಳದೆ ಅನ್ನ ಬಿಡಬಾರದು, ಸಕ್ಕರೆ ಪಾತಾಳಕ್ಕಿಳಿದೀತು.

ಇನ್ನು ಶುಕ್ರವಾರದ ಊಟಕ್ಕೆ ಕರೆಯುವ ಅಕ್ಕಂದಿರಲ್ಲಿ ಒಂದು ಬಿನ್ನಹ. “ಒಂದೇ ಸೌಟು, ಏನೂ ಆಗುವುದಿಲ್ಲ” ಎಂದು ಒತ್ತಾಯ ಮಾಡಬೇಡಿ. ಸಾರನ್ನು ಲೋಟದಲ್ಲಿ ಕೊಡಿ, ಕುಡಿಯುತ್ತೇವೆ. ಮೀನು ಇನ್ನೊಂದು ತುಂಡು ಬಡಿಸಿದರೂ ನಮ್ಮ ತಕರಾರಿಲ್ಲ.